ಕಿಟಕಿಗೆ ನಕ್ಷೆ ಹಿಡಿದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡರೆಂದು ಕಳೆದ ತಿಂಗಳು ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟಿದ್ದರು. ಅವರ ಜೊತೆ ಕೆಲಸ ಮಾಡಿದವರಲ್ಲಿ ಉಳಿದಿರುವವನು ನಾನೊಬ್ಬನೇ ಎಂದು ಮನೆಗೆ ಆಟೋ ಕಳಿಸಿ ಕರೆಸಿಕೊಂಡರು. ನನಗಿಂತ ಮುಂಚೆ ಮಾತಾಡಿದ ನಾಲ್ಕು ಜನರೂ ಅವರನ್ನು ಕಂಡವರಲ್ಲ. ಸರಳ, ಸಜ್ಜನ, ನಿಗರ್ವಿ ಎಂದು ಸಾಲಾಗಿ ಹೇಳಿ ಕುಳಿತರು. ನಿಗರ್ವಿ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ನಗು ತಡೆಯಲಾಗಲಿಲ್ಲ. ಸಂತಾಪ ಸಭೆಯಲ್ಲಿ ನಕ್ಕ ಮುದುಕ ಎಂದು ಈಗ ನನಗೆ ಹೆಸರು ಬಂದಿದೆ. ಇರಲಿ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆದುಬಿಡುತ್ತೇನೆ.

ಮೇಷ್ಟ್ರಿಗೆ ಗರ್ವವಿತ್ತು, ಬೇಕಾದಷ್ಟಿತ್ತು. ತಾನು ಕಣ್ಣಾರೆ ಕಂಡು ಬಂದು ಹೇಳಿದ ಮಾತು ಸುಳ್ಳಾಗುವುದಿಲ್ಲ ಎಂಬ ಗರ್ವ ಅದು. ಆ ಗರ್ವ ಒಮ್ಮೆ ಮುರಿದು ಬಿದ್ದದ್ದನ್ನು ಪಕ್ಕದಲ್ಲೇ ನಿಂತು ನೋಡಿದವನು ನಾನು. ಅದಾದ ಮೇಲೆ ಅವರು ಏನು ಮಾಡಿದರು ಎನ್ನುವುದಕ್ಕೇ ಅವರು ನನಗೆ ದೊಡ್ಡವರು.

ನಾನು ಭೂಗೋಳದ ಲೆಕ್ಚರರ್ ಆಗಿ ಚಿತ್ರದುರ್ಗಕ್ಕೆ ಬಂದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಮೇಷ್ಟ್ರು ಸಸ್ಯಶಾಸ್ತ್ರದವರು, ತುರುವನೂರು ಕಡೆಯವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಮೊದಲ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಹೆಸರು, ಊರು, ಮದುವೆ ಆಗಿದೆಯೋ ಇಲ್ಲವೋ ವಿಚಾರಿಸಿದರೆ, ಇವರು ಟೀ ಲೋಟ ಕೆಳಗಿಟ್ಟು, "ನಿಮ್ಮೂರಿಗೆ ಮಳೆ ಯಾವ ದಿಕ್ಕಿಂದ ಬತ್ತೈತೆ?" ಎಂದರು. ನನಗೆ ಗೊತ್ತಿರಲಿಲ್ಲ. ಮೇಲಿನಿಂದ ಬರುತ್ತದೆ ಸಾರ್ ಎಂದೆ. ಸ್ಟಾಫ್ ರೂಮು ನಕ್ಕಿತು, ಅವರು ನಗಲಿಲ್ಲ. "ಭೂಗೋಳದೋರು ಅಂತೀರಿ, ನಿಮ್ಮೂರಿನ ಮಳೆ ಗೊತ್ತಿಲ್ಲ," ಎಂದರು. ಅಂದಿನಿಂದ ಕೊನೆಯವರೆಗೂ ನಾನು ಅವರ ಬಾಯಲ್ಲಿ 'ಭೂಗೋಳ' ಆಗಿಯೇ ಉಳಿದೆ.

ಈ ಪ್ರಶ್ನೆಯ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇತ್ತಂತೆ. ಅವರ ಮನೆಯವರು ಹೊಳಲ್ಕೆರೆಯವರು, ಮಾತಿನಲ್ಲಿ ಗಂಡನಿಗಿಂತ ಒಂದು ಕೈ ಮೇಲು. "ಇವರು ನನ್ನ ನೋಡಾಕೆ ಬಂದ ದಿನ ಏನ್ ಕೇಳಿದ್ರು ಗೊತ್ತೇನ್ರಿ? ಬಾವಿ ತೋಡಿದಾಗ ಎಷ್ಟು ಅಡಿಗೆ ಕಲ್ಲು ಸಿಗ್ತು ಅಂತ ನಮ್ಮಪ್ಪನ್ನ ಕೇಳಿದ್ರು. ನಾನು ಕಾಫಿ ಹಿಡ್ಕಂಡು ನಿಂತೇ ಇದೀನಿ. ನನ್ನ ಹೆಸರು ಕೇಳಿದ್ದು ಲಗ್ನಪತ್ರಿಕೆ ಅಚ್ಚು ಹಾಕ್ಸೋವಾಗ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮೇಷ್ಟ್ರು ಆಗ ಗೋಡೆ ಕಡೆ ನೋಡುತ್ತಿದ್ದರು.

ಭಾನುವಾರ ಬಂತೆಂದರೆ ಗುಡ್ಡ. ನನ್ನನ್ನೂ ಬಿಡುತ್ತಿರಲಿಲ್ಲ. ಮನೆಯವರು ನಾಲ್ಕು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟರೆ, ಬಸ್ಸಿನಿಂದ ಇಳಿದ ಜಾಗದಲ್ಲೇ, ಬೆಳಗಿನ ಎಂಟು ಗಂಟೆಗೇ ಬಿಚ್ಚಿ ತಿಂದುಬಿಡುತ್ತಿದ್ದರು. ಮಧ್ಯಾಹ್ನಕ್ಕೆ ಏನು ಮಾಡುವುದು ಎಂದು ಕೇಳಿದರೆ, "ಹೆಗಲ ಮೇಲೆ ಹೊರೋದಕ್ಕಿಂತ ಹೊಟ್ಟೆಯಾಗೆ ಹೊರೋದು ಹಗುರ ಕಣಪ್ಪ," ಎನ್ನುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ನನ್ನ ಡಬ್ಬಿ ಬಿಚ್ಚಿದಾಗ ಅದರಲ್ಲಿ ಅರ್ಧ ಅವರದು.

ಅವರು ಹುಡುಕುತ್ತಿದ್ದದ್ದು ಕಮರದ ಮರ. ಬಯಲುಸೀಮೆಯ ಹಳಬರಿಗೆ ಈ ಮರ ಗೊತ್ತು. ಕೊಡಲಿಯ ಬಾಯಿ ಮುರಿಯುವಷ್ಟು ಗಟ್ಟಿ. ಗಾಡಿಯ ಅಚ್ಚಿಗೆ, ಮನೆಯ ಕಂಬಕ್ಕೆ ಅದೇ ಬೇಕು. ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಒಂದೊಂದು ತೊಟ್ಟಿನಲ್ಲೂ ಎರಡೇ ಎಲೆ, ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತ ಹಾಗೆ. ಇಷ್ಟೆಲ್ಲ ಉಪಯೋಗವಿರುವ ಮರ ಎಷ್ಟು ದಿನ ಉಳಿದೀತು? ಹಿರಿಯೂರಿನ ಸುತ್ತ ಅಲ್ಲೊಂದು ಇಲ್ಲೊಂದು ಗುಂಪು ಉಳಿದಿತ್ತು. ಸಾಲದ್ದಕ್ಕೆ ಅದು ಬೀಜ ಬಿಡುವುದು ವರ್ಷ ವರ್ಷವೂ ಅಲ್ಲ, ಅದಕ್ಕೆ ಮನಸ್ಸು ಬಂದಾಗ, ನಾಲ್ಕಾರು ವರ್ಷಕ್ಕೊಮ್ಮೆ.

ಬೇರೆಯವರಾಗಿದ್ದರೆ ಸಿಕ್ಕ ಸಿಕ್ಕ ಗುಡ್ಡ ಹತ್ತಿ ಹುಡುಕುತ್ತಿದ್ದರು. ಮೇಷ್ಟ್ರು ಮೊದಲು ಕೂತು ಯೋಚಿಸಿದರು. ಕಮರ ಇರುವುದು ಗೊತ್ತಿದ್ದ ಹನ್ನೊಂದು ಜಾಗಗಳಿಗೆ ಹೋಗಿ, ಅಲ್ಲಿ ಎಂಥ ಕಲ್ಲು, ಎಷ್ಟು ಆಳದ ಮಣ್ಣು, ಇಳಿಜಾರು ಯಾವ ಕಡೆಗೆ, ಮಳೆ ಎಷ್ಟು ಎಂದು ಬರೆದುಕೊಂಡರು. ಅದಕ್ಕೆ ಬೇಕಾದದ್ದು ಗರಸು ನೆಲ, ತೆಳು ಮಣ್ಣು, ಕಡಿಮೆ ಮಳೆ, ನೀರು ನಿಲ್ಲದ ಇಳಿಜಾರು. ಇವೆಲ್ಲ ಒಟ್ಟಿಗೆ ಎಲ್ಲೆಲ್ಲಿ ಸಿಗುತ್ತದೋ ಅಲ್ಲೆಲ್ಲ ಕಮರ ಇರಬೇಕು, ಇಲ್ಲವಾದರೆ ಹಿಂದೆ ಇದ್ದಿರಬೇಕು. ಇದು ಅವರ ತರ್ಕ.

ಅಲ್ಲಿಗೆ ನನ್ನ ಭಾನುವಾರಗಳ ಜೊತೆ ಸಂಜೆಗಳೂ ಹೋದವು. ಟ್ರೇಸಿಂಗ್ ಕಾಗದ ದುಬಾರಿ ಎಂದು ಅವರ ಮನೆಯವರು ತೆಳು ಕಾಗದಕ್ಕೆ ಹರಳೆಣ್ಣೆ ಸವರಿ ಒಣಗಿಸಿ ಕೊಟ್ಟರು. ನಾನು ಸರ್ವೆ ನಕ್ಷೆ ಅಡಿಗಿಟ್ಟುಕೊಂಡು ಗಡಿ ಗೆರೆ ಎಳೆದೆ. ಒಂದು ಹಾಳೆ ಮಳೆಗೆ, ಒಂದು ಕಲ್ಲಿಗೆ, ಒಂದು ಮಣ್ಣಿಗೆ, ಒಂದು ಇಳಿಜಾರಿಗೆ. ಕಮರಕ್ಕೆ ಒಗ್ಗದ ಜಾಗವನ್ನೆಲ್ಲ ಪ್ರತಿ ಹಾಳೆಯಲ್ಲೂ ಮಸಿಯಿಂದ ತುಂಬಿದೆವು. ಕೈ, ಅಂಗಿ, ಕೊನೆಗೆ ನನ್ನ ಹೊಸ ಪ್ಯಾಂಟೂ ಕಪ್ಪಾಯಿತು. ಎಲ್ಲ ಮುಗಿದ ಮೇಲೆ ಒಂದು ಸಂಜೆ ನಾಲ್ಕು ಹಾಳೆಗಳನ್ನೂ ಒಂದರ ಮೇಲೊಂದು ಜೋಡಿಸಿ, ಭೂಗೋಳದ ರೂಮಿನ ಪಡುವಣ ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಇಡೀ ಜಿಲ್ಲೆ ಕಪ್ಪಾಗಿತ್ತು. ಅದರ ನಡುವೆ, ಮೊದಲೇ ಗೊತ್ತಿದ್ದ ಹನ್ನೊಂದು ಜಾಗ ಬಿಟ್ಟರೆ, ಹೊಸದಾಗಿ ಒಂಬತ್ತು ಕಡೆ ಮಾತ್ರ ಬೆಳಕು ತೂರಿ ಬಂತು.

"ನೋಡಪ್ಪ ಭೂಗೋಳ, ಅಲ್ಲಲ್ಲಿ ಐತೆ," ಎಂದರು. ನನಗೆ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ಹೊರಗೆ ಮಾತ್ರ ತೋರಿಸಿಕೊಳ್ಳದೆ, ಸಿನಿಮಾ ಚೆನ್ನಾಗಿದೆ ಸಾರ್, ಹಾಡು ಎಲ್ಲಿ ಎಂದೆ.

ಈಗ ಈ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಸಂತಾಪ ಸಭೆ ಮುಗಿದ ಮೇಲೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ತನ್ನ ಲ್ಯಾಪ್‌ಟಾಪಿನಲ್ಲಿ, ಅಳಿವಿನಂಚಿನ ಮರವೊಂದು ಎಲ್ಲೆಲ್ಲಿ ಬದುಕಿರಬಹುದು ಎಂದು ಹಸಿರು ಕೆಂಪು ಬಣ್ಣದಲ್ಲಿ ತೋರಿಸಿದಳು. ಮಳೆ, ಬಿಸಿಲು, ಮಣ್ಣು ಎಲ್ಲ ಒಳಗೆ ತುಂಬಿದ್ದಳು. ಬಹಳ ಸೊಗಸಾಗಿತ್ತು. ಇದರಲ್ಲಿ ಕುರಿ ಎಲ್ಲಿದೆಯಮ್ಮ ಎಂದು ಕೇಳಿದೆ. ಮುದುಕನಿಗೆ ಅರಳುಮರಳು ಎಂದುಕೊಂಡಳೋ ಏನೋ, ನಕ್ಕು ಲ್ಯಾಪ್‌ಟಾಪ್ ಮುಚ್ಚಿದಳು. ಕುರಿಯ ವಿಷಯಕ್ಕೇ ಬರುತ್ತಿದ್ದೇನೆ.

ಒಂಬತ್ತರಲ್ಲಿ ದೊಡ್ಡ ಬೆಳಕು ಬಿದ್ದದ್ದು ಹೊಸದುರ್ಗದ ಕಡೆಯ ಒಂದು ಗುಡ್ಡದ ಮೇಲೆ. ಊರಿನವರು ಬೋಳುಗುಡ್ಡ ಎನ್ನುತ್ತಿದ್ದರು. ಮಾಘ ಮುಗಿಯುವ ಹೊತ್ತಿಗೆ ಮೊದಲು ಅಲ್ಲಿಗೇ ಹೋದೆವು. ಬೆಳಗಿನಿಂದ ಸಂಜೆವರೆಗೆ ಅಲೆದರೂ ಒಂದು ಕಮರವೂ ಕಾಣಲಿಲ್ಲ. ಎಲೆ ಉದುರಿಸಿ ನಿಂತ ಸೊಂಟದೆತ್ತರದ ಕುರುಚಲು, ನಡುವೆ ಕುರಿ ಮಂದೆಗಳು, ಅಷ್ಟೇ. ನಾನು ಬೆವರಿನಲ್ಲಿ ತೊಯ್ದ ಟವೆಲನ್ನು ಒಂದು ಕುರುಚಲಿನ ಮೇಲೆ ಹರವಿ, ಅದರ ನೆರಳಿನಲ್ಲಿ ತಲೆಯಿಟ್ಟು ಒಂದು ನಿದ್ದೆಯನ್ನೂ ತೆಗೆದೆ. ಮೇಷ್ಟ್ರು ಮಾತ್ರ ಕತ್ತು ಎತ್ತಿ ಎತ್ತಿ, ಇಳಿಬಿದ್ದ ಕೊಂಬೆಯ ಎತ್ತರದ ಮರ ಎಲ್ಲಾದರೂ ಇದೆಯೇ ಎಂದು ಆಕಾಶ ನೋಡುತ್ತಲೇ ನಡೆದರು.

ಅದಾದ ವಾರಕ್ಕೇ ಅರಣ್ಯದ ಸಾಹೇಬರೊಬ್ಬರಿಂದ ಅವರಿಗೆ ಕಾಗದ ಬಂತು. ಬೋಳುಗುಡ್ಡವನ್ನು ಉತ್ತು ನೀಲಗಿರಿ ನೆಡುವ ಯೋಚನೆ ಇದೆ, ಉಳಿಸಬೇಕಾದ ಮರ ಏನಾದರೂ ಅಲ್ಲಿದೆಯೇ, ತಾವು ಬಲ್ಲವರು, ತಿಳಿಸಬೇಕು ಎಂದಿತ್ತು. ಸಾಹೇಬರು ಒಳ್ಳೆಯವರೇ. ಕೇಳಿ ಮಾಡುವ ಮನುಷ್ಯ. ಮೇಷ್ಟ್ರು ನಮ್ಮ ವಿದ್ಯಾರ್ಥಿಗಳಿಗೆ ದಿನಾ ಒಂದು ಮಾತು ಹೇಳುತ್ತಿದ್ದರು: "ಐತೆ ಅನ್ನಾಕೆ ಒಂದ್ಸಲ ನೋಡಿದ್ರೆ ಸಾಕು. ಇಲ್ಲ ಅನ್ನಾಕೆ ಮೂರು ಸಲ ಹೋಗಿ ಬರಬೇಕು, ಮೂರು ಕಾಲದಾಗೆ." ಅದೇ ಮೇಷ್ಟ್ರು, ನಕ್ಷೆ ಸುಳ್ಳಾಯಿತಲ್ಲ ಎಂಬ ಸಿಟ್ಟಿನಲ್ಲಿ, ಒಂದೇ ಸಲ ಹೋಗಿ ಬಂದು, 'ನಾನೇ ಸ್ವತಃ ನೋಡಿದ್ದೇನೆ, ಉಳಿಸುವಂಥ ಮರ ಇಲ್ಲ' ಎಂದು ಬರೆದು ಸಹಿ ಹಾಕಿ ಕಳಿಸಿಬಿಟ್ಟರು. ನಾನೇ ಅಂಚೆ ಡಬ್ಬಿಗೆ ಹಾಕಿದೆ. ನಕ್ಷೆಗಳು ಬೀರು ಸೇರಿದವು.

ಬೇಸಿಗೆ ಕಳೆಯುತ್ತ ಬಂದಿತ್ತು. ಹೊಸದುರ್ಗದಲ್ಲಿ ಒಂದು ಮದುವೆ ಮುಗಿಸಿಕೊಂಡು ನಾವಿಬ್ಬರೂ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ದಾರಿಯಲ್ಲಿ ಒಬ್ಬ ಹೆಂಗಸು ಹತ್ತಿ ನಮ್ಮ ಎದುರಿನ ಸೀಟಿನಲ್ಲಿ ಕುಳಿತಳು. ಹೆಗಲ ಮೇಲೆ ಕಂಬಳಿ, ಮಡಿಲಲ್ಲಿ ಕಾಲು ಮುರಿದ ಒಂದು ಕುರಿಮರಿ. ಚಿತ್ರದುರ್ಗದ ದನದ ಆಸ್ಪತ್ರೆಗೆ ಹೊರಟಿದ್ದಳು. ಮರಿ ಅರಚಿದಾಗಲೆಲ್ಲ ಒಂದು ಸೊಪ್ಪಿನ ಕಂತೆಯಿಂದ ಎಳೆ ತುದಿ ಮುರಿದು ಅದರ ಬಾಯಿಗಿಡುತ್ತಿದ್ದಳು. ಮೇಷ್ಟ್ರು ಆ ಸೊಪ್ಪನ್ನೇ ನೋಡುತ್ತಿದ್ದವರು ಎದ್ದು ನಿಂತರು. ತಾಮ್ರದ ಬಣ್ಣದ ಎಳೆ ಎಲೆ, ಜೋಡಿ ಜೋಡಿ.

"ಎಲ್ಲಿ ಮುರ್ಕಂಡ್ ಬಂದ್ಯವ್ವ ಇದನ್ನ?"

"ನಮ್ಮ ಬೋಳುಗುಡ್ಡದಾಗೆ."

"ಅಲ್ಲಿ ಕಮರ ಇಲ್ಲ ತಾಯಿ. ನಾನೇ ನೋಡೀನಿ."

"ಏನ್ ನೋಡಿದ್ರೋ ಕಾಣೆ. ಗುಡ್ಡದ ತುಂಬ ಕಮರಾನೇ ಐತೆ," ಎಂದಳು ಅವಳು, ಮರಿಯ ಕಡೆಯಿಂದ ಮುಖ ಎತ್ತದೆ. "ನಮ್ಮ ಅಜ್ಜಿ ಕಾಲದಿಂದ್ಲೂ ಕಡ್ದು ಕಡ್ದು ಮೇಯಿಸ್ತೀವಿ. ಕುರಿ ಬಾಯಿಗೆ ಎಟುಕೋವಷ್ಟೇ ಬೆಳೆಯಾಕ್ ಬಿಡ್ತೀವಿ. ಮೇಲಕ್ಕೆ ಹೋದ್ರೆ ಯಾರು ಹತ್ತಬೇಕು?"

ಮೇಷ್ಟ್ರು ಕುಳಿತುಬಿಟ್ಟರು. ನಾನು ಟವೆಲ್ ಹರವಿದ್ದ ಕುರುಚಲು ನೆನಪಾಗಿ ನನ್ನ ಕಿವಿ ಬಿಸಿಯಾಯಿತು. ಜಿಲ್ಲೆಯಲ್ಲೇ ಕಮರವನ್ನು ಬಲ್ಲವರು ಎನಿಸಿಕೊಂಡವರು ಕಮರದ ಕಾಡಿನೊಳಗೆ ಒಂದು ದಿನ ಪೂರ್ತಿ ನಡೆದಾಡಿ, ಇಲ್ಲ ಎಂದು ಸಹಿ ಹಾಕಿಕೊಟ್ಟಿದ್ದರು. ಮಳೆ ಬಿದ್ದ ಕೂಡಲೇ ಗುಡ್ಡಕ್ಕೆ ಟ್ರ್ಯಾಕ್ಟರ್ ಬರುವುದಿತ್ತು. ಅವರ ಆ ಒಂದು ಸಾಲಿನ ಮೇಲೆಯೇ ಬರುವುದಿತ್ತು.

ಅವಳ ಹೆಸರು ಈರಕ್ಕ. ಮೇಷ್ಟ್ರು ಅವಳ ಜೊತೆ ದನದ ಆಸ್ಪತ್ರೆಗೆ ಹೋಗಿ, ಮರಿಯ ಕಾಲಿಗೆ ಪಟ್ಟಿ ಕಟ್ಟುವವರೆಗೂ ಅದರ ತಲೆ ಹಿಡಿದುಕೊಂಡು ನಿಂತು, ಮಾರನೆ ದಿನ ನನ್ನನ್ನೂ ಎಳೆದುಕೊಂಡು ಅವಳ ಹಿಂದೆಯೇ ಬೋಳುಗುಡ್ಡ ಹತ್ತಿದರು. ಅವಳು ಕುಡುಗೋಲಿನಿಂದ ತೋರಿಸುತ್ತ ಹೋದಳು, ಇವರು ಬರೆದುಕೊಳ್ಳುತ್ತ ಹೋದರು. ಕೊನೆಗೆ ಬರೆಯುವುದನ್ನು ಬಿಟ್ಟು ಒಂದು ಬಂಡೆಯ ಮೇಲೆ ಕುಳಿತು, "ನಕ್ಷೆ ಸರಿಯಾಗೇ ಐತೆ ಕಣಪ್ಪ. ಕಣ್ಣು ಸರಿ ಇರ್ಲಿಲ್ಲ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಅವರನ್ನು ಗೇಲಿ ಮಾಡುವ ಧೈರ್ಯ ಬರಲಿಲ್ಲ.

ಸಾಹೇಬರ ಕಚೇರಿಗೆ ಇಬ್ಬರೂ ಹೋದೆವು. ಸಾಹೇಬರು ಮೈಸೂರು ಕಡೆಯವರು, ಮಾತು ಮೆತ್ತಗೆ. ಫೈಲು ತೆರೆದು ಮೇಷ್ಟ್ರ ಕಾಗದವನ್ನು ಅವರ ಮುಂದೆಯೇ ಓದಿದರು. "ಮೂರು ತಿಂಗಳ ಹಿಂದೆ ಇಲ್ಲ ಅಂತ ನೀವೇ ಬರೆದಿದ್ದೀರಿ. ಈಗ ಇದೆ ಅಂತೀರಿ. ಸೊಂಟದುದ್ದದ ಕುರುಚಲನ್ನ ಮರ ಅಂತ ನಾನು ಮೇಲಿನವರಿಗೆ ಹೇಗೆ ಬರೆಯಲಿ?"

ಮೇಷ್ಟ್ರು ಎಣ್ಣೆ ಕಾಗದದ ಸುರುಳಿ ಬಿಚ್ಚಿ, ಸಾಹೇಬರ ಕಿಟಕಿಗೇ ಹಿಡಿದರು. ಸಾಹೇಬರು ಎದ್ದು ಬಂದು ಬಹಳ ಹೊತ್ತು ನೋಡಿದರು. ಒಂಬತ್ತು ಬೆಳಕಿನಲ್ಲಿ ನೀವು ಯಾವುದಕ್ಕೆ ಇನ್ನೂ ಹೋಗಿಲ್ಲ ಎಂದು ಕೇಳಿದರು. ಬೋಳುಗುಡ್ಡ ಬಿಟ್ಟರೆ ಉಳಿದ ಎಂಟಕ್ಕೂ ಹೋಗಿರಲಿಲ್ಲ. ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು, ರಾಗಿ ಕಾಳಿನಷ್ಟು, ಜವನಗೊಂಡನಹಳ್ಳಿಯ ಆಚೆ ಇತ್ತು. ಸಾಹೇಬರು ಅದರ ಮೇಲೇ ಬೆರಳಿಟ್ಟರು.

"ನಾಳೆ ಇಲ್ಲಿಗೆ ಹೋಗೋಣ. ಕಮರ ಇದ್ದರೆ ನಿಮ್ಮ ನಕ್ಷೆಯನ್ನ ನಂಬುತ್ತೇನೆ, ಬೋಳುಗುಡ್ಡ ಬಿಡುತ್ತೇನೆ. ಇಲ್ಲದಿದ್ದರೆ ನಿಮ್ಮ ಕಾಗದವನ್ನ ನಂಬುತ್ತೇನೆ."

"ಹೋಗಾಣ," ಎಂದರು ಮೇಷ್ಟ್ರು.

ಮಾರನೆ ದಿನ ಸಾಹೇಬರ ಜೀಪಿನಲ್ಲಿ ಹೊರಟು ಹಿರಿಯೂರು ದಾಟಿದೆವು. ನಾನು ಮನಸ್ಸಿನಲ್ಲೇ ಆ ಹಾಳೆಗಳ ಗಡಿ ಗೆರೆಗಳನ್ನು ಮತ್ತೆ ಮತ್ತೆ ಎಳೆಯುತ್ತಿದ್ದೆ. ನನ್ನ ಕೈ ಒಂದು ಕೂದಲಷ್ಟು ಅಲುಗಿದ್ದರೂ ನೆಲದ ಮೇಲೆ ಅರ್ಧ ಮೈಲಿ ತಪ್ಪುತ್ತಿತ್ತು. ಜೀಪು ನಿಂತಿತು. ಎದುರಿಗೆ ಒಂದು ಕಲ್ಲುಗುಡ್ಡ. ಅದರ ಇಳಿಜಾರಿನಲ್ಲಿ ಆಳೆತ್ತರದ ಗಿಡ ಒಂದೂ ಇಲ್ಲ. ಸಾಹೇಬರು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು.

ಮೇಷ್ಟ್ರು ಪಂಚೆ ಎತ್ತಿ ಕಟ್ಟಿದರು. ನೋಡನೋಡುತ್ತಲೇ ನೆಲಕ್ಕೆ ಎರಡೂ ಕೈ ಊರಿ, ಮಂಡಿಯ ಮೇಲೆ, ಮಂದೆಯ ಕುರಿಯ ಹಾಗೆ ಗುಡ್ಡ ಏರತೊಡಗಿದರು. ಡ್ರೈವರ್ ಬೀಡಿ ಬಿಸಾಕಿ ಬಾಯಿ ಬಿಟ್ಟುಕೊಂಡು ನೋಡಿದ. ಸಾಹೇಬರು ಗಾಬರಿಯಿಂದ, "ಏನಾಯಿತು ಇವರಿಗೆ?" ಎಂದರು.

"ಕುರಿ ಎತ್ತರದಾಗೆ ನೋಡ್ಬೇಕು ಸಾರ್. ನಿಂತ್ಕಂಡು ನೋಡಿ ಒಂದ್ಸಲ ಕೆಟ್ಟೀನಿ," ಎಂದು ಗುಡ್ಡದ ಮೇಲಿನಿಂದಲೇ ಉತ್ತರ ಬಂತು.

ಹತ್ತು ಮಾರು ಹೋಗಿಲ್ಲ, ನಿಂತರು. ಒಂದು ಕುರುಚಲನ್ನು ಎರಡೂ ಕೈಯಲ್ಲಿ ಬಗೆದು, ಚಿಗುರು ಹಿಡಿದು ನಮ್ಮ ಕಡೆ ತಿರುಗಿಸಿದರು. ತಾಮ್ರದ ಬಣ್ಣ, ಎರಡೆರಡು ಎಲೆ. ಅದರ ಪಕ್ಕದ್ದೂ ಅದೇ. ಅದರಾಚೆಯದೂ ಅದೇ. ನಾನು ಓಡಿದೆ. ಸಾಹೇಬರೂ ಬೂಟಿನಲ್ಲೇ ಏದುಸಿರು ಬಿಡುತ್ತ ಹತ್ತಿ ಬಂದು, ಸ್ವಲ್ಪ ಹೊತ್ತಿನಲ್ಲಿ ತಾವೂ ಬಗ್ಗಿ, "ಇದೂ ಅದೇನಾ? ಇದು?" ಎಂದು ಮಕ್ಕಳ ಹಾಗೆ ಕೇಳುತ್ತಿದ್ದರು. ಗುಡ್ಡದ ನೆತ್ತಿ ದಾಟಿ ಆಚೆಗೆ ಇಣುಕಿದರೆ, ಕುರಿಯೂ ಕೊಡಲಿಯೂ ಹೋಗಲಾರದ ಬಂಡೆಯ ಸೀಳಿನಲ್ಲಿ, ನಾಲ್ಕಾಳೆತ್ತರದ ಹಳೆಯ ಕಮರ ಒಂದು ಕೊಂಬೆ ಇಳಿಬಿಟ್ಟು ಗಾಳಿಗೆ ಆಡುತ್ತಿತ್ತು. ಸಾಹೇಬರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ನಾನು ಮೇಷ್ಟ್ರನ್ನು ತಬ್ಬಿಕೊಂಡೆ. ಅಷ್ಟು ಸಂತೋಷ ನನ್ನ ಸ್ವಂತ ಕೆಲಸದಿಂದ ನನಗೆ ಎಂದೂ ಆಗಿಲ್ಲ.

ಸಾಹೇಬರು ಮಾತು ಉಳಿಸಿಕೊಂಡರು. ಬೋಳುಗುಡ್ಡಕ್ಕೆ ಟ್ರ್ಯಾಕ್ಟರ್ ಬರಲಿಲ್ಲ. ಹೊಸ ಟಿಪ್ಪಣಿ ಬರೆಸುವ ದಿನ ಅವರು ದೊಡ್ಡ ಮನಸ್ಸಿನಿಂದ ಮೇಷ್ಟ್ರ ಹಳೆಯ ಕಾಗದವನ್ನು ಫೈಲಿನಿಂದ ಬಿಡಿಸಿ, ಇದನ್ನು ನೀವೇ ಇಟ್ಟುಕೊಳ್ಳಿ ಎಂದು ಮುಂದೆ ಚಾಚಿದರು. ಹರಿದು ಹಾಕಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಷ್ಟ್ರು ಕೈ ಹಿಂದಕ್ಕೆ ಕಟ್ಟಿಕೊಂಡರು. "ಬ್ಯಾಡ ಸಾರ್, ಅಲ್ಲೇ ಇರ್ಲಿ. ಹೊಸದರ ಜೊತೆಗೇ ಪೋಣಿಸ್ರಿ. ಒಂದ್ಸಲ ಹೋಗಿ ಇಲ್ಲ ಅಂದೋನು ಎಂಥ ಕೆಲ್ಸ ಮಾಡಿದ್ದ ಅಂತ ಮುಂದಿನೋರು ಓದ್ಕಳ್ಳಿ." ಗರ್ವ ಎಂದೆನಲ್ಲ, ಇದೂ ಅದರಲ್ಲೇ ಸೇರಿದ್ದು. ಇಂಥ ಗರ್ವ ನನಗೂ ಇರಬಾರದಿತ್ತೇ ಎಂದು ಅವತ್ತು ಅನ್ನಿಸಿತು, ಇವತ್ತೂ ಅನ್ನಿಸುತ್ತದೆ.

ಆ ಬೇಸಿಗೆಯ ರಜೆ ಮುಗಿಯುವುದರೊಳಗೇ ಅವರು ಐದನೆಯ ಎಣ್ಣೆ ಕಾಗದ ಸಿದ್ಧ ಮಾಡಿದರು. ಅದರಲ್ಲಿ ಮಂದೆಗಳು ಎಲ್ಲೆಲ್ಲಿ ಮೇಯುತ್ತವೆ, ಎಲ್ಲೆಲ್ಲಿ ಸೊಪ್ಪು ಕಡಿಯುತ್ತಾರೆ ಎಂದು ಈರಕ್ಕನನ್ನೂ ಅವಳ ಹಟ್ಟಿಯವರನ್ನೂ ಕೇಳಿ ಗುರುತು ಹಾಕಿದರು. ಗುಡ್ಡ ಉಳಿದರೂ ಮರ ಬೆಳೆಯಬೇಕಲ್ಲ. ಅದಕ್ಕೆ ಹಟ್ಟಿಯ ಮುಂದೆ ಕುಳಿತು ಒಂದು ಒಪ್ಪಂದವೂ ಆಯಿತು. ಗಿಡಕ್ಕೆ ಎರಡು ಕೊಂಬೆ ಬಿಡ್ರಿ ಎಂದು ಇವರು, ಒಂದೇ ಬಿಡುವುದು ಎಂದು ಈರಕ್ಕ. "ಎರಡು ನಿಮಗೆ ಬಿಟ್ರೆ ಕುರಿ ನಿಮ್ಮ ಕಾಲೇಜಿಗೆ ಬಂದು ಮೇಯ್ತಾವೇನ್ರಿ ಮೇಷ್ಟ್ರೆ?" ಎಂದಳು. ಒಂದಕ್ಕೇ ಒಪ್ಪಿದರು. ಆ ಮಾತನ್ನು ಹಟ್ಟಿಯವರು ಮೀರಲಿಲ್ಲ.

ಆ ದಶಕ ಮುಗಿಯುತ್ತ ಬಂದಾಗ, ಒಂದು ಮುಂಗಾರಿನಲ್ಲಿ ಈರಕ್ಕನ ಮಗ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿದ, ಮೇಷ್ಟ್ರು ಕೂಡಲೇ ಬರಬೇಕಂತೆ ಎಂದು. ಏನೋ ಅನಾಹುತವಾಗಿದೆ ಎಂದುಕೊಂಡೇ ಹೋದೆವು. ಬಿಟ್ಟ ಒಂದೊಂದು ಕೊಂಬೆಯೂ ಆಗಲೇ ನಮ್ಮ ತಲೆಗಿಂತ ಮೇಲಕ್ಕೆ ಹೋಗಿತ್ತು. ಆ ಬೇಸಿಗೆಯಲ್ಲಿ ಗುಡ್ಡದ ಹಳೆಯ ಬುಡಗಳೆಲ್ಲ ಒಟ್ಟಿಗೆ ಕಾಯಿ ಬಿಟ್ಟಿದ್ದವಂತೆ. ರೆಕ್ಕೆಯ ಬೀಜ ವಾರಗಟ್ಟಲೆ ಗಿರಗಿರನೆ ತಿರುಗಿ ಬಿದ್ದು, ಮೊದಲ ಮಳೆಗೆ ಮೊಳೆತು, ಇಳಿಜಾರಿನ ತುಂಬ ಕಮರದ ಸಸಿ ಎದ್ದಿತ್ತು. ಬೆರಳುದ್ದದ ಸಸಿ, ಒಂದರ ಪಕ್ಕ ಒಂದು, ಕಣ್ಣು ಹಾಯುವವರೆಗೆ. ಮಂದೆಯನ್ನು ಈರಕ್ಕ ಆಗಲೇ ಆಚೆ ಗುಡ್ಡಕ್ಕೆ ಹೊಡೆಸಿದ್ದಳು. ತಾನು ಮಾತ್ರ ಕಂಬಳಿ ಹೊದ್ದು ಕೋಲು ಹಿಡಿದು ಕಾವಲು ನಿಂತಿದ್ದಳು.

ಈರಕ್ಕ ಮೇಷ್ಟ್ರ ಮುಖವನ್ನೇ ನೋಡಿ, ಕೋಲಿನಿಂದ ಗುಡ್ಡದ ಉದ್ದಕ್ಕೂ ತೋರಿಸಿ, "ಬರೀರಿ ಮೇಷ್ಟ್ರೆ. ಈಗ ಬರೀರಿ ನೋಡಾಣ, ಇಲ್ಲ ಅಂತ," ಎಂದಳು.

ಮೇಷ್ಟ್ರು ಬಗ್ಗಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಕಾಲಿಡಲು ಜಾಗ ಹುಡುಕುತ್ತ, ಒಂದೊಂದೇ ಹೆಜ್ಜೆ ಇಟ್ಟು ಗುಡ್ಡ ಏರತೊಡಗಿದರು. ನಾನೂ ಬಿಚ್ಚಿದೆ.